ಮಲೇರಿಯಾದ ‘ಕೆಟ್ಟ ಗಾಳಿ’ ಮತ್ತು ಕೋವಿಡ್ ಗೊಂದಲ: ‘ಗಾಳಿಯಿಂದ ಹರಡುತ್ತೆ’ ಅನ್ನೋಕೆ ಯಾಕಿಷ್ಟು ತಡ?

ಹೊಸ ವೈರಸ್ಸಿನ ಸುದ್ದಿ ಬಂದಾಗಲೆಲ್ಲ ಜನ ಕೇಳುವ ಮೊದಲ ಪ್ರಶ್ನೆ ಇದು: ಗಾಳಿಯಿಂದ ಹರಡುತ್ತಾ? 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ನೆಗಡಿ ಕೆಮ್ಮಿನ ವೈರಸ್ ಪತ್ತೆಯಾದಾಗಲೂ ಹೀಗೇ ಆಯಿತು. ವೈರಸ್ ಹೊಸದೇನಲ್ಲ, 2001ರಲ್ಲೇ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು ಗುರುತಿಸಿದ್ದರು. ಆದರೂ ಮಾಸ್ಕ್ ಬೇಕಾ, ಕೈ ತೊಳೆದರೆ ಸಾಕಾ ಎಂಬ ಚರ್ಚೆ ಮತ್ತೆ ಮೊದಲಿನಿಂದ ಶುರುವಾಯಿತು.

ಪ್ರಶ್ನೆ ಸರಳ. ಉತ್ತರ ಮಾತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇರುತ್ತದೆ. ‘ಕೆಮ್ಮಿದಾಗ, ಸೀನಿದಾಗ ಸಿಡಿಯುವ ಹನಿಗಳಿಂದ ಹರಡುತ್ತದೆ, ಹತ್ತಿರದ ಸಂಪರ್ಕದಿಂದ ಹರಡುತ್ತದೆ’ ಎನ್ನುತ್ತಾರೆ. ಹನಿ ಸಿಡಿಯುವುದೂ ಗಾಳಿಯಲ್ಲೇ ಅಲ್ವಾ? ಹಾಗಿದ್ದರೆ ‘ಗಾಳಿಯಿಂದ’ ಅಂತ ನೇರವಾಗಿ ಹೇಳಲು ಏನು ತೊಂದರೆ?

ತೊಂದರೆ ಇದೆ. ವೈದ್ಯಲೋಕಕ್ಕೆ ಗಾಳಿಯ ಮಾತೆಂದರೆ ನೂರು ವರ್ಷಕ್ಕೂ ಹಳೆಯ ಅಳುಕು. ಅದು ಎಲ್ಲಿಂದ ಬಂತು ಅಂತ ಹುಡುಕುತ್ತ ಹೋದರೆ, ನಾವೆಲ್ಲ ಕನ್ನಡದ್ದೇ ಎಂಬಂತೆ ಬಳಸುವ ಒಂದು ಇಟಾಲಿಯನ್ ಪದದ ಹತ್ತಿರ ಹೋಗಿ ನಿಲ್ಲುತ್ತೇವೆ. ಅದು ಮಲೇರಿಯಾ.

ನಾಲ್ಕು ವರ್ಷದಲ್ಲಿ ಮಾತು ಬದಲಾದದ್ದು

ಮೊದಲು ಇತ್ತೀಚಿನ ಸಂಗತಿ ನೋಡೋಣ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಜಿಲ್ಲೆಯಲ್ಲಿ ಒಂದು ಗಾಯಕವೃಂದ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದಿದ್ದವರು 61 ಮಂದಿ. ಆಮೇಲಿನ ದಿನಗಳಲ್ಲಿ ಅವರಲ್ಲಿ 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಹಾಡುವವರು ಒಬ್ಬರ ಮುಖಕ್ಕೆ ಒಬ್ಬರು ಕೆಮ್ಮಿರಲಿಲ್ಲ. ದೂರದ ಕುರ್ಚಿಯಲ್ಲಿದ್ದವರಿಗೂ ಅಂಟಿತ್ತು.

ಇದಾಗಿ ಮೂರು ವಾರವೂ ಕಳೆದಿರಲಿಲ್ಲ. ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಟ್ವಿಟರ್‌ನಲ್ಲಿ, ಕೋವಿಡ್ ಗಾಳಿಯಿಂದ ಹರಡುವ ರೋಗ ಅಲ್ಲ ಎಂದು ‘ಸತ್ಯ’ ಎಂಬ ತಲೆಬರಹ ಕೊಟ್ಟೇ ಹೇಳಿತು. ಜುಲೈನಲ್ಲಿ ಲಿಡಿಯಾ ಮೊರಾವ್ಸ್ಕಾ ಮತ್ತು ಡೊನಾಲ್ಡ್ ಮಿಲ್ಟನ್ ಬರೆದ ಪತ್ರಕ್ಕೆ 239 ವಿಜ್ಞಾನಿಗಳ ಬೆಂಬಲ ಸಿಕ್ಕಿತು. ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂಬುದು ಅವರ ಒತ್ತಾಯ. ಸಂಸ್ಥೆ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಉಸಿರಿನ ಮೂಲಕ ಒಳಹೋಗುವ ಸಣ್ಣ ಕಣಗಳಿಂದ ಹರಡುತ್ತದೆ ಎಂಬ ಮಾತು 2021ರ ಏಪ್ರಿಲ್ ಕೊನೆಯಲ್ಲಿ ಅದರ ಜಾಲತಾಣಕ್ಕೆ ಬಂತು. ‘ಗಾಳಿಯಿಂದ’ ಎಂಬ ಪದವೇ ಬರಲು ಆ ವರ್ಷದ ಡಿಸೆಂಬರ್ ಆಗಬೇಕಾಯಿತು. ಸಂಸ್ಥೆಯ ಮುಖ್ಯ ವಿಜ್ಞಾನಿಯಾಗಿದ್ದ ಸೌಮ್ಯಾ ಸ್ವಾಮಿನಾಥನ್ 2022ರಲ್ಲಿ ಹುದ್ದೆ ಬಿಡುವ ಹೊತ್ತಿಗೆ, ಇದನ್ನು ಇನ್ನೂ ಮುಂಚೆಯೇ ಹೇಳಬೇಕಿತ್ತು ಎಂದು ಒಪ್ಪಿಕೊಂಡರು.

ನಡುವೆ ಏನಾಯಿತು ಅಂತ ನಮಗೆ ನೆನಪಿದೆ. ತರಕಾರಿಯನ್ನು ಸೋಪುನೀರಿನಲ್ಲಿ ತೊಳೆದೆವು. ಬಾಗಿಲ ಚಿಲಕ ಒರೆಸಿದೆವು. ಉತ್ತರ ಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ ಮೈಮೇಲೆಯೇ ಕ್ರಿಮಿನಾಶಕ ಸಿಂಪಡಿಸಿದರು. ರೋಗ ವಸ್ತುಗಳ ಮೇಲೆ ಕೂತಿದೆ ಎಂದು ನಂಬಿದರೆ ಇದೆಲ್ಲ ಸರಿಯಾಗಿಯೇ ಕಾಣುತ್ತದೆ. ಅದು ಕೋಣೆಯ ಗಾಳಿಯಲ್ಲಿ ತೇಲುತ್ತಿದೆ ಎಂದಾದರೆ ಇದರಲ್ಲಿ ಹೆಚ್ಚಿನದು ಸುಮ್ನೆ ಪಟ್ಟ ಪಾಡು.

ರೋಮ್‌ನ ಬೇಸಿಗೆ

ಈಗ ಹಿಂದಕ್ಕೆ ಹೋಗೋಣ. ಇಟಾಲಿಯನ್ ಭಾಷೆಯಲ್ಲಿ ‘ಮಾಲಾ’ ಅಂದರೆ ಕೆಟ್ಟ, ‘ಆರಿಯಾ’ ಅಂದರೆ ಗಾಳಿ. ಎರಡೂ ಕೂಡಿ ‘ಮಾಲಾರಿಯಾ’. ನಮ್ಮ ಕಿವಿಗೆ ‘ಮಲೆ’ ಎಂದು ಕೇಳುವುದರಿಂದ ಮಲೆನಾಡಿನ ಚಳಿಜ್ವರಕ್ಕೂ ಹೆಸರಿಗೂ ನಂಟಿದೆ ಅನ್ನಿಸಬಹುದು. ಖಂಡಿತ ಇಲ್ಲ.

ರೋಮ್ ನಗರದ ಸುತ್ತ ಕಂಪಾನ್ಯಾ ಎಂಬ ಬಯಲು, ಅದರ ದಕ್ಷಿಣಕ್ಕೆ ಪೊಂಟೈನ್ ಜೌಗು. ಬೇಸಿಗೆ ಬಲಿಯುತ್ತಿದ್ದಂತೆ ಇಲ್ಲಿ ಜ್ವರ ಏಳುತ್ತಿತ್ತು. ನಡುಕ, ಉರಿ, ಬೆವರು, ಒಂದು ದಿನ ಬಿಡುವು, ಮತ್ತೆ ನಡುಕ. ಬಡ ಕೊಯ್ಲುಗಾರನಿಗೂ ಬರುತ್ತಿತ್ತು, ಧರ್ಮಗುರುವಿಗೂ ಬರುತ್ತಿತ್ತು. 1623ರ ಬೇಸಿಗೆಯಲ್ಲಿ ಹೊಸ ಪೋಪ್ ಆರಿಸಲು ರೋಮ್‌ನಲ್ಲಿ ಸೇರಿದ್ದ ಕಾರ್ಡಿನಲ್‌ಗಳಲ್ಲೇ ಹಲವರು ಈ ಜ್ವರಕ್ಕೆ ಬಲಿಯಾದರು. ಅನುಕೂಲವಿದ್ದವರು ಬೇಸಿಗೆಗೆ ಗುಡ್ಡದ ಊರುಗಳಿಗೆ ಹೊರಟುಬಿಡುತ್ತಿದ್ದರು. ಇಲ್ಲದವರು ಸಂಜೆಯಾಗುತ್ತಲೇ ಕಿಟಕಿ ಭದ್ರ ಮಾಡುತ್ತಿದ್ದರು, ಬಯಲಲ್ಲಿ ಮಲಗುತ್ತಿರಲಿಲ್ಲ.

ಕಾರಣ ಏನೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. ಜೌಗಿನಲ್ಲಿ ಗಿಡಗಂಟಿ ಕೊಳೆಯುತ್ತದೆ, ಅದರಿಂದ ವಿಷದ ಹಬೆ ಏಳುತ್ತದೆ, ರಾತ್ರಿ ತಂಪಿಗೆ ಅದು ಕೆಳಗಿಳಿದು ಉಸಿರಿನೊಳಗೆ ಹೋಗುತ್ತದೆ. ಪೋಪರ ವೈದ್ಯ ಜೊವಾನ್ನಿ ಮರಿಯಾ ಲಾಂಚಿಸಿ 1717ರಲ್ಲಿ ಜೌಗಿನ ಕೆಟ್ಟ ಹಬೆಯ ಬಗ್ಗೆ ಒಂದಿಡೀ ಪುಸ್ತಕ ಬರೆದು, ನೀರು ಬಸಿದು ಹೋಗುವಂತೆ ಮಾಡಿ ಎಂದು ಸಲಹೆ ಕೊಟ್ಟ. ಅಲ್ಲಿನ ಸೊಳ್ಳೆಗಳ ಮೇಲೂ ಅವನಿಗೆ ಒಂದಿಷ್ಟು ಅನುಮಾನವಿತ್ತು. ಅದಕ್ಕೂ ಸಾವಿರದ ಏಳುನೂರು ವರ್ಷ ಮೊದಲು ರೋಮನ್ ಬರಹಗಾರ ವಾರೋ, ಜೌಗಿನ ಹತ್ತಿರ ಕಣ್ಣಿಗೆ ಕಾಣದ ಜೀವಿಗಳು ಹುಟ್ಟಿ ಬಾಯಿ ಮೂಗಿನಿಂದ ಒಳಹೊಕ್ಕು ರೋಗ ತರುತ್ತವೆ ಎಂದು ಬರೆದಿದ್ದ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ‘ಕೆಟ್ಟ ಗಾಳಿ’ ಎಂಬುದು ದಡ್ಡರ ನಂಬಿಕೆ ಆಗಿರಲಿಲ್ಲ. ಅದು ಕಣ್ಣಿಗೆ ಕಂಡದ್ದನ್ನೆಲ್ಲ ವಿವರಿಸುತ್ತಿತ್ತು. ಜೌಗಿನ ಹತ್ತಿರ ಜ್ವರ ಜಾಸ್ತಿ, ಗುಡ್ಡದ ಮೇಲೆ ಕಡಿಮೆ. ಬೇಸಿಗೆಯಲ್ಲಿ ಜಾಸ್ತಿ, ಚಳಿಯಲ್ಲಿ ಕಡಿಮೆ. ಕಿಟಕಿ ಮುಚ್ಚಿದರೆ ಕಡಿಮೆ. ನೀರು ಬಸಿದರೆ ಕಡಿಮೆ. ಸೊಳ್ಳೆಯನ್ನು ಕಾರಣ ಎಂದು ಇಟ್ಟರೂ ಇವೆಲ್ಲ ಹೀಗೇ ಇರುತ್ತವೆ. ಅದಕ್ಕೇ ಕಾರಣ ತಪ್ಪಾಗಿದ್ದರೂ ಮದ್ದು ಬಹುಪಾಲು ಕೆಲಸ ಮಾಡುತ್ತಿತ್ತು, ಮದ್ದು ಕೆಲಸ ಮಾಡುತ್ತಿದ್ದುದರಿಂದಲೇ ತಪ್ಪು ಕಾರಣ ಅಷ್ಟು ಕಾಲ ಉಳಿಯಿತು.

ಕಾರಣದ ಹೆಸರು ಕಾಯಿಲೆಗೆ

ಶುರುವಿನಲ್ಲಿ ಈ ಪದ ಕಾಯಿಲೆಯ ಹೆಸರೇ ಆಗಿರಲಿಲ್ಲ, ಗಾಳಿಯ ಹೆಸರಾಗಿತ್ತು. ಇಂಗ್ಲಿಷ್ ಬರಹಗಾರ ಹೊರೇಸ್ ವಾಲ್ಪೋಲ್ 1740ರಲ್ಲಿ ರೋಮ್‌ನಿಂದ ಬರೆದ ಪತ್ರದಲ್ಲಿ, ಪ್ರತಿ ಬೇಸಿಗೆಗೆ ರೋಮ್‌ಗೆ ಬಂದು ಜನರನ್ನು ಕೊಲ್ಲುವ ಒಂದು ಭೀಕರ ವಸ್ತು ಎಂದು ಇದನ್ನು ಪರಿಚಯಿಸುತ್ತಾನೆ. 1827ರಲ್ಲಿ ಜಾನ್ ಮೆಕಲಕ್ ಎಂಬ ವೈದ್ಯ ಈ ಹೆಸರಿನಲ್ಲೇ ಪುಸ್ತಕ ಬರೆದ. ಅದರಲ್ಲೂ ಇದು ಒಂದು ವಿಷದ ಹೆಸರು. ಕಾಯಿಲೆಯನ್ನು ಆಗ ವೈದ್ಯರು ‘ಬಿಟ್ಟುಬಿಟ್ಟು ಬರುವ ಜ್ವರ’ ಎನ್ನುತ್ತಿದ್ದರು.

ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಪದ ಜಾರಿಬಿಟ್ಟಿತ್ತು. ಮಲೇರಿಯಾದಿಂದ ಬರುವ ಜ್ವರ ಹೋಗಿ ಮಲೇರಿಯಾ ಜ್ವರ, ಕೊನೆಗೆ ಬರೀ ಮಲೇರಿಯಾ. ಕಾರಣದ ಹೆಸರನ್ನೇ ಕಾಯಿಲೆಗೆ ಇಟ್ಟ ಮೇಲೆ, ಬೇರೆ ಕಾರಣ ಇರಬಹುದಾ ಎಂಬ ಪ್ರಶ್ನೆ ಕೇಳುವುದೇ ಕಷ್ಟ. ಫ್ರೆಂಚರು ಮಾತ್ರ ಜೌಗು ಎಂಬರ್ಥದ ಲ್ಯಾಟಿನ್ ಮಾತಿನಿಂದ ‘ಪಾಲುಡಿಸ್ಮ್’ ಎಂದು ಕರೆದರು, ಈಗಲೂ ಹಾಗೇ ಕರೆಯುತ್ತಾರೆ. ಜಾಗದ ಹೆಸರು ಹೇಳಿದರು, ಕಾರಣ ಏನೆಂದು ಹೇಳಲು ಹೋಗಲಿಲ್ಲ. ಅದು ಜಾಣತನವೋ ಅದೃಷ್ಟವೋ, ಅವರ ಹೆಸರು ಇವತ್ತಿಗೂ ಅಷ್ಟೇನೂ ತಪ್ಪಾಗಿ ಕಾಣುವುದಿಲ್ಲ.

ರೋಗಾಣುಗಳ ಕಾಲ ಬಂದರೂ ಗಾಳಿ ಬಿಟ್ಟುಹೋಗಲಿಲ್ಲ. 1879ರಲ್ಲಿ ಎಡ್ವಿನ್ ಕ್ಲೆಬ್ಸ್ ಮತ್ತು ಕೊರಾಡೊ ತೊಮಾಸಿ ಕ್ರುಡೆಲಿ ಎಂಬಿಬ್ಬರು ರೋಮ್ ಸುತ್ತಲಿನ ಮಣ್ಣು ಮತ್ತು ಗಾಳಿಯಲ್ಲಿ ಮಲೇರಿಯಾದ ಬ್ಯಾಕ್ಟೀರಿಯಾ ಸಿಕ್ಕಿತು ಎಂದು ಘೋಷಿಸಿದರು. ಸಿಕ್ಕಿರಲಿಲ್ಲ. ಮರುವರ್ಷ ಅಲ್ಜೀರಿಯಾದ ಕಾನ್‌ಸ್ಟಂಟೀನ್ ಊರಿನಲ್ಲಿ ಫ್ರೆಂಚ್ ಸೇನಾವೈದ್ಯ ಅಲ್ಫಾನ್ಸ್ ಲಾವೆರಾನ್ ರೋಗಿಯ ರಕ್ತದಲ್ಲೇ ನಿಜವಾದ ಪರೋಪಜೀವಿಯನ್ನು ಕಂಡ. ಅದನ್ನು ನಂಬಲು ಉಳಿದವರಿಗೆ ವರ್ಷಗಳೇ ಹಿಡಿದವು.

ಬೆಂಗಳೂರಿನ ನೀರಿನ ಪೀಪಾಯಿ

ಕರ್ನಾಟಕ ಈ ಕಥೆಯೊಳಗೆ ಬರುವುದು ಇಲ್ಲಿ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಹುಡುಗುವಯಸ್ಸಿನ ಸೇನಾವೈದ್ಯನಿಗೆ ಬೆಂಗಳೂರಿನ ದಂಡಿನಲ್ಲಿ ಕೆಲಸ. ಬಂಗಲೆಯ ತುಂಬ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ಗಿಜಿಗುಡುತ್ತಿದ್ದವು. ಪೀಪಾಯಿ ಚೆಲ್ಲಿದ, ಸೊಳ್ಳೆ ಕಡಿಮೆಯಾದವು. ಅಧಿಕಾರಿಗಳ ಊಟದ ಮನೆಯಲ್ಲೂ ಹೀಗೇ ಮಾಡೋಣ ಎಂದು ಮೇಲಿನವನಿಗೆ ಹೇಳಿದ. ಸೃಷ್ಟಿಯ ಕ್ರಮಕ್ಕೆ ನಾವು ಕೈಹಾಕಬಾರದು, ಸೊಳ್ಳೆಯೂ ಏನೋ ಉದ್ದೇಶಕ್ಕೇ ಹುಟ್ಟಿದೆ ಎಂಬ ಅರ್ಥದ ಉತ್ತರ ಬಂತು. ರಾಸ್ ಇದನ್ನು ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಆಗ ಅವನ ತಲೆಯಲ್ಲಿದ್ದದ್ದು ಸೊಳ್ಳೆಯ ಕಾಟ ಅಷ್ಟೇ, ಮಲೇರಿಯಾ ಅಲ್ಲ.

1895ರಲ್ಲಿ ಕಾಲರಾ ತಡೆಯಲು ಅವನನ್ನು ಮತ್ತೆ ಬೆಂಗಳೂರಿಗೆ ಕಳಿಸಿದರು. ಆ ಹೊತ್ತಿಗೆ ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್, ಮಲೇರಿಯಾಕ್ಕೆ ಸೊಳ್ಳೆಯೇ ಕಾರಣ ಇರಬೇಕು ಎಂಬ ಹುಳವನ್ನು ಅವನ ತಲೆಗೆ ಬಿಟ್ಟಿದ್ದ. ಮಜಾ ಏನೆಂದರೆ ಮ್ಯಾನ್ಸನ್ನನ ಊಹೆಯೂ ಪೂರ್ತಿ ಸರಿಯಿರಲಿಲ್ಲ. ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಎಂದು ಅವನು ಎಣಿಸಿದ್ದ. ಗಾಳಿ ಬಿಟ್ಟವರು ನೇರವಾಗಿ ಕಚ್ಚುವಿಕೆಗೆ ಬರಲಿಲ್ಲ, ನಡುವೆ ನೀರಿನ ಹತ್ತಿರ ನಿಂತರು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರಾಸ್ ಅನಾಫಿಲಿಸ್ ಜಾತಿಯ ಸೊಳ್ಳೆಯ ಹೊಟ್ಟೆ ಸೀಳಿ ಪರೋಪಜೀವಿಯನ್ನು ಕಂಡ. ಮರುವರ್ಷ ಕೋಲ್ಕತ್ತದಲ್ಲಿ ಹಕ್ಕಿಗಳ ಮಲೇರಿಯಾ ಕಚ್ಚುವಿಕೆಯಿಂದಲೇ ದಾಟುತ್ತದೆ ಎಂದು ತೋರಿಸಿದ. ಮನುಷ್ಯರ ಮಲೇರಿಯಾಕ್ಕೆ ಅದೇ ವರ್ಷ ಇಟಲಿಯಲ್ಲಿ ಜೊವಾನ್ನಿ ಬತ್ತಿಸ್ತಾ ಗ್ರಾಸಿ ಮತ್ತು ಜೊತೆಗಾರರು ಪುರಾವೆ ಕೊಟ್ಟರು. 1902ರ ನೊಬೆಲ್ ರಾಸ್‌ಗೆ ಮಾತ್ರ ಬಂತು. ರಾಸ್ ಮತ್ತು ಗ್ರಾಸಿ ಸಾಯುವತನಕ ಜಗಳವಾಡಿದರು, ಆ ಕಥೆ ಈಗ ಬೇಡ.

ಓಸ್ತಿಯಾದ ಗುಡಿಸಲು

ಪುರಾವೆ ಇತ್ತು, ಆದರೆ ಜನ ನಂಬಬೇಕಲ್ಲ. ಸೊಳ್ಳೆಯೂ ಇರಬಹುದು, ಗಾಳಿಯೂ ಇರಬಹುದು ಎಂದರೆ? ಅದಕ್ಕೇ 1900ರಲ್ಲಿ ಮ್ಯಾನ್ಸನ್ ಒಂದು ಪ್ರಯೋಗ ಮಾಡಿಸಿದ. ಜಾಗ ಓಸ್ತಿಯಾ, ರೋಮ್ ಕಂಪಾನ್ಯಾದಲ್ಲೇ ಜ್ವರಕ್ಕೆ ಹೆಸರಾದ ಮೂಲೆ. ಅಲ್ಲಿ ಒಂದು ಮರದ ಗುಡಿಸಲು. ಕಿಟಕಿ ಬಾಗಿಲಿಗೆಲ್ಲ ಸಣ್ಣ ಕಣ್ಣಿನ ಜಾಲರಿ. ಲೂಯಿ ಸಾಂಬೊನ್, ಜಾರ್ಜ್ ಲೋ ಎಂಬಿಬ್ಬರು ವೈದ್ಯರು ಮತ್ತು ಅಮೆಡಿಯೊ ತೆರ್ಜಿ ಎಂಬ ಚಿತ್ರಕಾರ ಜುಲೈನಿಂದ ಅಕ್ಟೋಬರ್ ತನಕ ಅದರಲ್ಲಿ ಇದ್ದರು.

ಪ್ರಯೋಗದ ಜಾಣತನ ಇರುವುದು ಅವರು ಇಟ್ಟುಕೊಂಡ ನಿಯಮಗಳಲ್ಲಿ. ಹಗಲು ಎಲ್ಲಿ ಬೇಕಾದರೂ ಓಡಾಡಬಹುದು, ಮಳೆಯಲ್ಲಿ ನೆನೆಯಬಹುದು, ಜೌಗಿನ ಮಣ್ಣು ತುಳಿಯಬಹುದು. ಸೂರ್ಯ ಮುಳುಗುವ ಮೊದಲು ಮಾತ್ರ ಒಳಗಿರಬೇಕು. ಮಲೇರಿಯಾದ ಮದ್ದಾದ ಕ್ವಿನೈನ್ ಗುಳಿಗೆ ತೆಗೆದುಕೊಳ್ಳುವ ಹಾಗಿಲ್ಲ. ಮತ್ತು ರಾತ್ರಿ ಕಿಟಕಿ ಮುಚ್ಚುವ ಹಾಗಿಲ್ಲ. ಯಾವ ಗಾಳಿಗೆ ಹೆದರಿ ರೋಮ್‌ನವರು ಶತಮಾನಗಳ ಕಾಲ ಕಿಟಕಿ ಹಾಕಿಕೊಂಡಿದ್ದರೋ ಆ ಗಾಳಿಯನ್ನೇ ಅವರು ರಾತ್ರಿಯಿಡೀ ಉಸಿರಾಡಿದರು. ಸುತ್ತಲಿನ ರೈತರು ಜ್ವರದಿಂದ ಮಲಗಿದರು. ಗುಡಿಸಲಿನವರಿಗೆ ಏನೂ ಆಗಲಿಲ್ಲ. ಅದೇ ಬೇಸಿಗೆಯಲ್ಲಿ ಸಲೆರ್ನೊ ಹತ್ತಿರದ ಕಪಾಚ್ಚೊ ಬಯಲಿನಲ್ಲಿ ಗ್ರಾಸಿ ರೈಲ್ವೆ ಕೆಲಸಗಾರರ ಮನೆಗಳಿಗೆ ಜಾಲರಿ ಹಾಕಿಸಿ ಇಂಥದೇ ಫಲ ತೋರಿಸಿದ.

ಕೆಟ್ಟ ಗಾಳಿ ಸೋತಿತು. ಹೆಸರು ಮಾತ್ರ ಉಳಿಯಿತು. ಇಟಲಿ ಆಮೇಲೆ ಸರ್ಕಾರದಿಂದಲೇ ಕ್ವಿನೈನ್ ಹಂಚಿತು, ಮುಸೊಲಿನಿ ಕಾಲದಲ್ಲಿ ಪೊಂಟೈನ್ ಜೌಗನ್ನು ಬಸಿಯಿತು, ಎರಡನೇ ಮಹಾಯುದ್ಧದ ನಂತರ ಡಿಡಿಟಿ ಎಂಬ ಕೀಟನಾಶಕ ಹೊಡೆಯಿತು. 1970ರಲ್ಲಿ ಅದು ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಗೆದ್ದ ಮೇಲಿನ ಅತಿ

ಇಷ್ಟಕ್ಕೆ ನಿಂತಿದ್ದರೆ ಇದು ವಿಜ್ಞಾನದ ಗೆಲುವಿನ ಕಥೆ ಮಾತ್ರ ಆಗುತ್ತಿತ್ತು. ಆದರೆ ಸೋತದ್ದು ಮಲೇರಿಯಾದ ಗಾಳಿ ಒಂದೇ ಅಲ್ಲ. ಕಾಲರಾಕ್ಕೂ ಕೆಟ್ಟ ಗಾಳಿಯೇ ಕಾರಣ ಎನ್ನುತ್ತಿದ್ದರು, ಅದು ನೀರಿನದ್ದು ಎಂದು ಗೊತ್ತಾಯಿತು. ಹಳದಿ ಜ್ವರವೂ ಸೊಳ್ಳೆಯದ್ದು ಎಂದಾಯಿತು. ಗಾಳಿಯ ಮೇಲೆ ಹಾಕಿದ್ದ ಕೇಸುಗಳೆಲ್ಲ ಒಂದೊಂದಾಗಿ ಬಿದ್ದುಹೋದವು. ಆಗ ಹೊಸ ತಲೆಮಾರಿನ ವೈದ್ಯರಿಗೆ, ಗಾಳಿಯಿಂದ ರೋಗ ಅನ್ನುವುದೇ ಅಜ್ಜಿಕಥೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಸಿದ್ಧಾಂತ ಮಾಡಿದವನು ಅಮೆರಿಕದ ಪ್ರಾವಿಡೆನ್ಸ್ ನಗರದ ಆರೋಗ್ಯಾಧಿಕಾರಿ ಚಾರ್ಲ್ಸ್ ಚೇಪಿನ್. 1910ರಲ್ಲಿ ಅವನು ಬರೆದ ಪುಸ್ತಕ ಹೇಳಿದ್ದು ಇಷ್ಟು: ರೋಗ ಹರಡುವುದು ಮುಖ್ಯವಾಗಿ ಮುಟ್ಟುವುದರಿಂದ, ಹತ್ತಿರದಿಂದ ಸಿಡಿಯುವ ಹನಿಗಳಿಂದ. ಗಾಳಿಯಿಂದ ಎಂಬುದಕ್ಕೆ ಸರಿಯಾದ ಪುರಾವೆ ಇಲ್ಲ. ಹಿಪೊಕ್ರೆಟಿಸ್ ಕಾಲದಿಂದ ಮನುಷ್ಯರ ಬೆನ್ನು ಹತ್ತಿದ ಈ ಗಾಳಿಯ ಭೂತ ಬಿಟ್ಟುಹೋದರೆ ಜನರಿಗೆ ದೊಡ್ಡ ನೆಮ್ಮದಿ. ಜೊತೆಗೆ ಒಂದು ವ್ಯವಹಾರದ ಮಾತನ್ನೂ ಸೇರಿಸಿದ. ರೋಗ ಗಾಳಿಯಲ್ಲಿದೆ ಎಂದು ನಂಬಿದವರಿಗೆ ಕೈ ಬಾಯಿ ಶುಚಿಯಾಗಿಡಿ ಎಂದು ಕಲಿಸುವುದು ಆಗದ ಮಾತು.

ಅವನ ಉದ್ದೇಶ ಒಳ್ಳೆಯದೇ. ಕೈ ತೊಳೆಯುವ ಅಭ್ಯಾಸ ಬಹಳ ಜೀವ ಉಳಿಸಿತು. ಆದರೆ ತರ್ಕ ಸ್ವಲ್ಪ ನೋಡಿ. ‘ಪುರಾವೆ ಸಿಕ್ಕಿಲ್ಲ’ ಎಂಬುದು ಕೆಲವೇ ವರ್ಷಗಳಲ್ಲಿ ‘ಇಲ್ಲ ಎಂದು ಗೊತ್ತಾಗಿದೆ’ ಎಂದಾಯಿತು. ಗಾಳಿ ಎಂದವರೇ ತಮ್ಮ ಮಾತನ್ನು ಸಾಬೀತು ಮಾಡಬೇಕು, ಹನಿ ಎಂದವರು ಏನೂ ಮಾಡಬೇಕಿಲ್ಲ ಎಂಬ ಲೆಕ್ಕ ಅಲ್ಲಿಂದ ಕಾಯಂ ಆಯಿತು.

5 ಮೈಕ್ರಾನ್ ಗೆರೆ

ಸಾಬೀತು ಮಾಡಲು ಹೊರಟವರೂ ಇದ್ದರು. ಎಂಜಿನಿಯರ್ ವಿಲಿಯಂ ವೆಲ್ಸ್ 1930ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದ: ದೊಡ್ಡ ಹನಿ ನೆಲಕ್ಕೆ ಬೀಳುತ್ತದೆ, ಸಣ್ಣದು ಬೀಳುವ ಮೊದಲೇ ಒಣಗಿ ಗಾಳಿಯಲ್ಲಿ ತೇಲುತ್ತದೆ. ಎರಡರ ನಡುವಿನ ಗಡಿ ಅವನ ಲೆಕ್ಕದಲ್ಲಿ ಸುಮಾರು 100 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಆಮೇಲೆ ಅವನು ಮತ್ತು ರಿಚರ್ಡ್ ರೈಲಿ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರ ಕ್ಷಯ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಕ್ಕೆ ಎಳೆದು, ಮಾಳಿಗೆಯಲ್ಲಿಟ್ಟ ಗಿನಿಪಿಗ್‌ಗಳಿಗೆ ಕೊಟ್ಟರು. ರೋಗಿಗಳನ್ನು ಒಮ್ಮೆಯೂ ನೋಡದ ಪ್ರಾಣಿಗಳಿಗೆ ಕ್ಷಯ ಬಂತು.

ಕ್ಷಯವನ್ನು ವೈದ್ಯಲೋಕ ಒಪ್ಪಿಕೊಂಡಿತು, ಜೊತೆಗೆ ದಡಾರ, ಸೀತಾಳೆ ಸಿಡುಬು. ಅಷ್ಟಕ್ಕೇ ಗೆರೆ ಎಳೆಯಿತು. ಕ್ಷಯದ ಕಣ ಶ್ವಾಸಕೋಶದ ತಳ ಮುಟ್ಟಬೇಕಾದರೆ 5 ಮೈಕ್ರಾನ್‌ಗಿಂತ ಸಣ್ಣದಿರಬೇಕು. ಈ ಅಂಕೆ ಹೇಗೋ ತಪ್ಪಾಗಿ ‘5ಕ್ಕಿಂತ ದೊಡ್ಡದೆಲ್ಲ ತೇಲುವುದಿಲ್ಲ, ಒಂದೆರಡು ಮೀಟರಿನಲ್ಲೇ ಬೀಳುತ್ತದೆ’ ಎಂಬ ನಿಯಮವಾಗಿ ಕೈಪಿಡಿಗಳಿಗೆ ಹೋಯಿತು. ವರ್ಜೀನಿಯಾ ಟೆಕ್‌ನ ಲಿನ್ಸಿ ಮಾರ್ ಮತ್ತು ಜೊತೆಗಾರರು ಕೋವಿಡ್ ಕಾಲದಲ್ಲಿ ಹಳೇ ಕಾಗದಗಳನ್ನು ಕೆದಕಿ ಈ ಎಡವಟ್ಟನ್ನು ಹೊರಗೆಳೆದರು.

ಹತ್ತಿರ ಇದ್ದವರಿಗೇ ಜಾಸ್ತಿ ಅಂಟುತ್ತದಲ್ಲ, ಅದು ಹನಿ ಎಂಬುದಕ್ಕೆ ಸಾಕ್ಷಿ ಅಲ್ವಾ ಎಂದು ಕೇಳಬಹುದು. ಬಹಳ ಕಾಲ ಹಾಗೇ ವಾದಿಸಿದರು. ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಾಗ ಏನಾಗುತ್ತದೆ ನೋಡಿ. ಒಲೆ ಮುಂದೆ ನಿಂತವರಿಗೆ ಮೊದಲು ಕೆಮ್ಮು ಬರುತ್ತದೆ, ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ಕೂತವರೂ ಕೆಮ್ಮುತ್ತಾರೆ, ಕಿಟಕಿ ತೆಗೆದರೆ ಎಲ್ಲರಿಗೂ ಕಡಿಮೆಯಾಗುತ್ತದೆ. ಘಾಟು ಎಲ್ಲಾ ಕಡೆ ಗಾಳಿಯಲ್ಲೇ ಇದೆ, ಹತ್ತಿರ ದಟ್ಟ ಅಷ್ಟೇ. ಹಾಗಾಗಿ ಹತ್ತಿರದಲ್ಲಿ ಜಾಸ್ತಿ ಹರಡುವುದು ಎರಡೂ ವಾದಕ್ಕೆ ಹೊಂದುತ್ತದೆ. ರೋಮ್‌ನ ಜೌಗು ಗಾಳಿಗೂ ಹೊಂದುತ್ತಿತ್ತು, ಸೊಳ್ಳೆಗೂ ಹೊಂದುತ್ತಿತ್ತಲ್ಲ, ಹಾಗೆ. ಆಗ ಗಾಳಿ ಎಂದು ತಪ್ಪಾಗಿ ಓದಿದರು, ಈಗ ಗಾಳಿ ಅಲ್ಲ ಎಂದು ತಪ್ಪಾಗಿ ಓದಿದರು.

ಯಾರ ವಾದ ಏನು

2024ರ ಏಪ್ರಿಲ್ 18ರಂದು ವಿಶ್ವ ಆರೋಗ್ಯ ಸಂಸ್ಥೆ ಈ ಪದಜಗಳ ಮುಗಿಸಲು ಒಂದು ವರದಿ ತಂದಿತು. ಹನಿ, ಏರೋಸಾಲ್ (ತೇಲುವ ಸಣ್ಣ ಕಣ) ಎಂಬ ಎರಡು ಡಬ್ಬಿ ಬೇಡ, ಎಲ್ಲವೂ ‘ಸೋಂಕಿನ ಉಸಿರಾಟದ ಕಣ’ಗಳೇ ಎಂದಿತು. 5 ಮೈಕ್ರಾನ್ ಗೆರೆ ಹೋಯಿತು. ‘ಗಾಳಿಯ ಮೂಲಕ ಹರಡುವುದು’ ಎಂಬ ಒಂದು ಕೊಡೆಯ ಕೆಳಗೆ ಎರಡು ದಾರಿ: ಉಸಿರಿನಲ್ಲಿ ಒಳಗೆಳೆದುಕೊಳ್ಳುವುದು, ಇಲ್ಲವೇ ಕಣ ನೇರವಾಗಿ ಕಣ್ಣು ಮೂಗು ಬಾಯಿಗೆ ಸಿಡಿಯುವುದು.

ಗಾಳಿ ವಿಜ್ಞಾನಿಗಳು ಇದನ್ನು ತಡವಾದ ನ್ಯಾಯ ಎಂದುಕೊಂಡರು. ಆಸ್ಪತ್ರೆಗಳಲ್ಲಿ ಸೋಂಕು ತಡೆಯುವ ಕೆಲಸ ಮಾಡುವವರಿಗೆ ಬೇರೆ ಚಿಂತೆ. ಅವರ ಕೈಪಿಡಿಯಲ್ಲಿ ‘ಗಾಳಿಯಿಂದ’ ಎಂಬುದು ಬರೀ ಪದ ಅಲ್ಲ, ಒಂದು ಆದೇಶ. ಆ ಚೀಟಿ ಅಂಟಿಸಿದರೆ ರೋಗಿಗೆ, ಒಳಗಿನ ಗಾಳಿ ಆಸ್ಪತ್ರೆಯ ಉಳಿದ ಭಾಗಕ್ಕೆ ಸೋರದಂಥ ಪ್ರತ್ಯೇಕ ಕೋಣೆ ಬೇಕು, ನರ್ಸಿನಿಂದ ಹಿಡಿದು ಕಸ ಗುಡಿಸುವವರ ತನಕ ಎನ್‌95 ಮಾಸ್ಕ್ ಬೇಕು. ನೆಗಡಿ ಜ್ವರಕ್ಕೂ ಹೀಗೆ ಮಾಡಲು ಯಾವ ಜಿಲ್ಲಾ ಆಸ್ಪತ್ರೆಗೆ ಆಗುತ್ತದೆ? 2020ರ ಆರಂಭದಲ್ಲಿ ಮಾಸ್ಕ್‌ಗಳಿಗೆ ಜಗತ್ತಿನಾದ್ಯಂತ ಬರ ಇತ್ತು ಎಂಬುದನ್ನೂ ಮರೆಯಬಾರದು. ಹಳೇ ಭೂತದ ಭಯ ಒಂದೇ ಕಾರಣ ಎಂದರೆ ಅನ್ಯಾಯವಾದೀತು. ಖರ್ಚಿನ ಭಯವೂ ಇತ್ತು, ಎರಡೂ ಒಂದಕ್ಕೊಂದು ಆಸರೆಯಾದವು.

ಹೊಸ ವರದಿ ಈ ಗಂಟನ್ನು ಬಿಡಿಸಿದೆಯಾ? ಅರ್ಧ ಮಾತ್ರ. ಪದದಿಂದ ಆದೇಶವನ್ನು ಬೇರೆ ಮಾಡಿದೆ. ಗಾಳಿಯ ಮೂಲಕ ಹರಡುತ್ತದೆ ಎಂದ ಮಾತ್ರಕ್ಕೆ ಎಲ್ಲ ಕಡೆ ಅತಿ ಕಟ್ಟುನಿಟ್ಟು ಬೇಕಿಲ್ಲ, ರೋಗ ಎಷ್ಟು ಅಪಾಯ, ಜಾಗ ಎಂಥದು ನೋಡಿ ತೀರ್ಮಾನಿಸಿ ಎನ್ನುತ್ತದೆ. ಯಾವಾಗ ಯಾವ ಕ್ರಮ ಎಂದು ಮಾತ್ರ ಹೇಳಿಲ್ಲ. ನನ್ನ ಲೆಕ್ಕದಲ್ಲಿ ಇದು ಸರಿಯಾದ ಹೆಜ್ಜೆ, ಆದರೆ ಕಷ್ಟದ ಕೆಲಸವನ್ನು ಜಾಣತನದಿಂದ ದೇಶಗಳ ತಲೆಗೆ ಕಟ್ಟಿದ ಹೆಜ್ಜೆ ಕೂಡ.

ನಮ್ಮ ಕಿಟಕಿಗಳ ಲೆಕ್ಕ

ಭಾರತಕ್ಕೆ ಇದು ದೂರದ ಚರ್ಚೆಯಲ್ಲ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇಲ್ಲೇ ಇದ್ದಾರೆ. 2021ರ ಮೇನಲ್ಲಿ, ಎರಡನೇ ಅಲೆಯ ನಡುವೆ, ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಹನಿಗಳು 2 ಮೀಟರ್, ತೇಲುವ ಕಣಗಳು 10 ಮೀಟರ್ ತನಕ ಹೋಗಬಹುದು, ಕಿಟಕಿ ಬಾಗಿಲು ತೆರೆದಿಡಿ ಎಂದು ಸಲಹೆ ಕೊಟ್ಟಿತ್ತು. ಒಳ್ಳೆಯ ಸಲಹೆ. ಆದರೆ ಸಂಜೆ ಆರು ಗಂಟೆಗೆ ಕಿಟಕಿ ತೆರೆದಿಟ್ಟರೆ ಏನಾಗುತ್ತದೆ ಅಂತ ನಮ್ಮ ಊರುಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಸೊಳ್ಳೆ ಬರುತ್ತದೆ. ಮಂಗಳೂರಿನಲ್ಲಿ ಕಟ್ಟಡ ಕಾಮಗಾರಿಗಳ ನಿಂತ ನೀರಿನಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ದಕ್ಷಿಣ ಕನ್ನಡವನ್ನು ವರ್ಷಗಟ್ಟಲೆ ರಾಜ್ಯದ ಮಲೇರಿಯಾ ಪಟ್ಟಿಯ ತುದಿಯಲ್ಲಿ ಇಟ್ಟಿತ್ತು. ಈ ಸೊಳ್ಳೆಯ ಒಂದು ಬಗೆಗೆ 1937ರಲ್ಲಿ ‘ಮೈಸೊರೆನ್ಸಿಸ್’ ಎಂದು ಮೈಸೂರಿನ ಹೆಸರೇ ಬಿದ್ದಿದೆ. ಡಿಡಿಟಿಯನ್ನು ಭಾರತದಲ್ಲಿ ಮೊದಮೊದಲು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದ ಜಾಗಗಳಲ್ಲಿ ಧಾರವಾಡ, ಉತ್ತರ ಕನ್ನಡವೂ ಇದ್ದವು, 1946ರಲ್ಲಿ. ಹಾಗಾಗಿ ಸಂಜೆ ಕಿಟಕಿ ಹಾಕುವ ಅಭ್ಯಾಸ ನಮ್ಮಲ್ಲಿ ಸುಮ್ನೆ ಬಂದದ್ದಲ್ಲ.

ಎರಡು ಬಗೆಯ ರೋಗ, ಎರಡು ವಿರುದ್ಧ ಸಲಹೆ. ಡೆಂಗಿ, ಮಲೇರಿಯಾಕ್ಕೆ ಮುಚ್ಚಿ, ಕ್ಷಯ, ಕೋವಿಡ್, ಫ್ಲೂಗೆ ತೆರೆಯಿರಿ. ಸಲಹೆ ಕೊಡುವ ವಿಭಾಗಗಳು ಬೇರೆ ಬೇರೆ, ಕಿಟಕಿ ಮಾತ್ರ ಒಂದೇ. ಎರಡನ್ನೂ ಸೇರಿಸುವ ಉತ್ತರ ಓಸ್ತಿಯಾದ ಗುಡಿಸಲಿನಲ್ಲೇ ಇತ್ತು: ತೆರೆದ ಕಿಟಕಿಗೆ ಜಾಲರಿ. ಆದರೆ ಅದಕ್ಕೂ ಒಂದು ಬೆಲೆಯಿದೆ. ಜಾಲರಿ ಗಾಳಿಯ ಓಟವನ್ನು ತಗ್ಗಿಸುತ್ತದೆ, ಧೂಳು ಕೂತರೆ ಇನ್ನೂ ಜಾಸ್ತಿ ತಗ್ಗಿಸುತ್ತದೆ. ಆದ್ದರಿಂದ ಜಾಲರಿ ಹಾಕುವ ಕಡೆ ಕಿಟಕಿ ಮಾಮೂಲಿಗಿಂತ ದೊಡ್ಡದಿರಬೇಕು, ಎದುರುಬದುರು ಇರಬೇಕು, ಜಾಲರಿ ಬಿಚ್ಚಿ ತೊಳೆಯುವ ಹಾಗಿರಬೇಕು. ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದೆಲ್ಲ ನಕ್ಷೆ ಬರೆಯುವಾಗಲೇ ಸೇರಬೇಕು. ಕಟ್ಟಿ ಮುಗಿದ ಮೇಲೆ ಗೋಡೆ ಒಡೆದು ಕಿಟಕಿ ಅಗಲ ಮಾಡಿಸಲು ಯಾವ ಸರ್ಕಾರಿ ಶಾಲೆಯ ಹತ್ತಿರ ದುಡ್ಡಿರುತ್ತದೆ?